ತಗ್ಗಣ್ಣನ ಜಾಣ ಕಿವುಡು

ನನ್ನ ಗಂಡನ ಕಿವಿ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದ ದಿನ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ನೋಡಿದವರು ಸಂತೋಷಕ್ಕೆ ಅಳುತ್ತಿದ್ದಾಳೆ ಅಂದುಕೊಂಡಿರಬೇಕು. ಸಂತೋಷವೂ ಇಲ್ಲ, ಮಣ್ಣೂ ಇಲ್ಲ. ಎರಡು ವರ್ಷದಿಂದ ನಾನು ಆಡಿದ ಮಾತಿಗೆ ಇವರಿಂದ ನೆಟ್ಟಗೆ ಒಂದು ಉತ್ತರ ಬಂದಿರಲಿಲ್ಲ. ಕಿವಿ ಕೆಟ್ಟಿದೆ ಅಂದಿದ್ದರೆ ಪಾಪ ಅಂದುಕೊಂಡು ಸುಮ್ಮನಾಗಬಹುದಿತ್ತು. ಕಿವಿ ಸರಿಯಾಗಿದೆ ಅಂದಮೇಲೆ ಕೆಟ್ಟಿರುವುದು ಇನ್ನೇನೋ. ಕೇಳಿಸಿದರೂ ಕೇಳಿಸದ ಹಾಗೆ ಇರುವುದಕ್ಕೆ ಜಾಣ ಕಿವುಡು ಅನ್ನುತ್ತಾರೆ. ಅದಕ್ಕೆ ಯಾವ ಆಸ್ಪತ್ರೆಯಲ್ಲೂ ಔಷಧ ಕೊಡುವುದಿಲ್ಲ.

ಗಿಟಾರ್ ನುಡಿಸುವವರೆಲ್ಲ ಇವರನ್ನು ತಗ್ಗಣ್ಣ ಅನ್ನುತ್ತಾರೆ. ತಲೆ ನರೆತವರೂ ಅಣ್ಣ ಅನ್ನುತ್ತಾರೆ, ಮೊನ್ನೆ ಮೊನ್ನೆ ಮೀಸೆ ಬಂದವರೂ ಅಣ್ಣ ಅನ್ನುತ್ತಾರೆ. ನಮ್ಮ ಕಡೆ ರಾಕ್ ಸಂಗೀತ ಅಂತ ಏನಾದರೂ ಇದ್ದರೆ ಅದರಲ್ಲಿ ಅರ್ಧಭಾಗ ಇವರ ಬೆರಳಿನಿಂದ ಬಂದದ್ದು ಎಂದು ತಿಳಿದವರು ಹೇಳುತ್ತಾರೆ. ನನಗೆ ಅಷ್ಟೆಲ್ಲ ತಿಳಿಯದು, ನಾನು ಕಿಟಕಿ ಪರದೆ ಹೊಲಿಯುವವಳು. ಹೊರಗೆ ಎಲ್ಲರಿಗೂ ತಗ್ಗಣ್ಣನಾದ ಈ ಮನುಷ್ಯ ಮನೆಯಲ್ಲಿ ಒಂದು ದಿನವೂ ತಗ್ಗಿದ್ದನ್ನು ನಾನು ಕಂಡಿಲ್ಲ. ನನಗೆ ಗೊತ್ತಿರುವುದು ಇಷ್ಟೇ.

ಆ ಹೆಸರು ಬಂದದ್ದು ಒಂದು ತಪ್ಪಿನಿಂದ. ಇವರ ಅಪ್ಪನದು ಅಂಗಡಿಗಳಿಗೆ ರೋಲಿಂಗ್ ಶಟರ್ ಮಾಡಿಕೊಡುವ ವರ್ಕ್‌ಶಾಪು. ತಗಡು ಬಗ್ಗಿಸುವ ಯಂತ್ರ, ಡ್ರಿಲ್ಲು, ಸುತ್ತಿಗೆ; ಅಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಬೇಕಾದರೆ ಗಂಟಲು ಹರಿಯುವ ಹಾಗೆ ಕೂಗಬೇಕು. ಶಟರ್ ಹಾಕಿಸಿಕೊಂಡ ಒಬ್ಬ ವಾದ್ಯದಂಗಡಿಯವನು ಕುತ್ತಿಗೆ ಮುರಿದ ಗಿಟಾರೊಂದನ್ನು ಕಸಕ್ಕೆ ಹಾಕಲು ಇಟ್ಟಿದ್ದನಂತೆ. ಇವರು ಕೇಳಿ ತಂದು, ತಗಡಿನ ಪಟ್ಟಿ ಕೊಟ್ಟು ರಿವೆಟ್ ಹೊಡೆದು ಅದನ್ನು ನೆಟ್ಟಗೆ ನಿಲ್ಲಿಸಿದರು. ಕಲಿಸುವವರು ಯಾರೂ ಇರಲಿಲ್ಲ. ಸೋದರಮಾವ ಬಿಟ್ಟುಹೋದ ಹಳೆಯ ಟೇಪ್ ರೆಕಾರ್ಡರ್, ಅದರೊಳಗೆ ಸಿಕ್ಕಿಕೊಂಡಿದ್ದ ಯಾವುದೋ ದೂರದೇಶದವರ ಒಂದೇ ಒಂದು ಕ್ಯಾಸೆಟ್, ಇವೇ ಇವರ ಗುರುಗಳು.

ಆ ಟೇಪ್ ರೆಕಾರ್ಡರಿನ ಒಳಗಿನ ರಬ್ಬರ್ ಬೆಲ್ಟ್ ಜೋತುಬಿದ್ದಿತ್ತು. ಬೆಲ್ಟ್ ಸಡಿಲವಾದರೆ ಕ್ಯಾಸೆಟ್ ನಿಧಾನವಾಗಿ ತಿರುಗುತ್ತದೆ, ನಿಧಾನವಾಗಿ ತಿರುಗಿದರೆ ಹಾಡಿನ ದನಿ ಕೆಳಗಿಳಿಯುತ್ತದೆ. ಇವರಿಗೇನು ಗೊತ್ತು? ಹಾಡು ಇರುವುದೇ ಹಾಗೆ ಅಂದುಕೊಂಡು ಆರು ತಂತಿಗಳನ್ನೂ ಅದಕ್ಕೆ ಸರಿಯಾಗಿ ತಗ್ಗಿಸಿ ಶ್ರುತಿ ಮಾಡಿಕೊಂಡರು. ತಂತಿ ಸಡಿಲವಾದ್ದರಿಂದ ಬೆರಳು ಹಾಕಿ ಎಷ್ಟು ದೂರ ಬೇಕಾದರೂ ಎಳೆಯಬಹುದಿತ್ತು. ಎಳೆದಾಗ ಅದು ಬಿಕ್ಕಿ ಬಿಕ್ಕಿ ಅತ್ತ ಹಾಗೆ ಕೇಳಿಸುತ್ತಿತ್ತು. ಅತ್ತಂತೆ ಕೇಳುವುದೇ ಆಮೇಲೆ ಇವರ ಗುರುತಾಯಿತು.

ನಾನು ಇವರನ್ನು ನೋಡಿದ್ದು ನಮ್ಮ ಅಪ್ಪನ ಮನೆಯ ಹಿಂದಿನ ಕೋಣೆಯಲ್ಲಿ. ನನ್ನ ಅಣ್ಣ ಅಲ್ಲಿ ಡ್ರಮ್ಸ್ ಬಡಿಯುತ್ತಿದ್ದ, ಇವರು ಗಿಟಾರ್ ಹಿಡಿದುಕೊಂಡು ಸಂಜೆಯಾದರೆ ಬಂದುಬಿಡುತ್ತಿದ್ದರು. ಅಮ್ಮನಿಗೆ ಆ ಗದ್ದಲ ಕೇಳಿದರೆ ಮೈ ಉರಿಯುತ್ತಿತ್ತು. ಪಕ್ಕದ ಮನೆಯವರ ಬಾಯಿ ಮುಚ್ಚಿಸಲಿಕ್ಕೆ ಅಂತ ನಾನು ಪರದೆ ಹೊಲಿದು ಉಳಿದ ದಪ್ಪ ಬಟ್ಟೆಯನ್ನೆಲ್ಲ ಸೇರಿಸಿ ಆ ಕೋಣೆಯ ಗೋಡೆಗಳಿಗೆ ಇಳಿಬಿಟ್ಟೆ. ಇವರು ಗೋಡೆ ಮುಟ್ಟಿ ನೋಡಿ, ಈಗ ನನ್ನ ತಪ್ಪು ನನಗೇ ಕೇಳಿಸುತ್ತಿದೆ ಅಂದರು. ಅಷ್ಟಕ್ಕೇ ನಾನು ಬಿದ್ದುಹೋದೆ. ಬೇರೆ ಹುಡುಗಿಯರಿಗೆ ಇನ್ನೂ ಚೆಂದದ ಮಾತು ಸಿಕ್ಕಿರಬಹುದು.

ಮೊದಲ ಸಲ ಸ್ಪರ್ಧೆಗೆ ಹೋದಾಗ ತೀರ್ಪುಗಾರರೊಬ್ಬರು ಎದ್ದು ನಿಂತು, ಎಲ್ಲರೂ ಮೇಲೆ ಮೇಲೆ ಕೂಗುವಾಗ ಈ ತರುಣ ಮಾತ್ರ ಕೆಳಗಿಳಿದು ಆಳ ಹುಡುಕಿದ್ದಾನೆ ಎಂದು ಹೊಗಳಿದರು. ಇವರು ತಲೆಯಾಡಿಸಿ ಬಹುಮಾನ ಹಿಡಿದುಕೊಂಡು ಬಂದರು. ಮುಂದಿನ ವರ್ಷಕ್ಕೆ ಅರ್ಧಕ್ಕರ್ಧ ಹುಡುಗರು ತಂತಿ ತಗ್ಗಿಸಿದ್ದರು. ಮದುವೆಯಾದ ಹೊಸತರಲ್ಲಿ ಅಣ್ಣನ ಹೊಸ ಟೇಪ್ ರೆಕಾರ್ಡರಿನಲ್ಲಿ ಅದೇ ಕ್ಯಾಸೆಟ್ ಹಾಕಿದೆವು. ಆ ಗಂಭೀರ ಗಾಯಕ ಕೀಚಲು ದನಿಯಲ್ಲಿ ಓಡತೊಡಗಿದ. ಇವರು ತಲೆ ಮೇಲೆ ಕೈ ಹೊತ್ತು ಕೂತರು, ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಳವೂ ಇಲ್ಲ, ಅಗಲವೂ ಇಲ್ಲ, ಜೋತುಬಿದ್ದ ಒಂದು ಬೆಲ್ಟು. ಯಾರಿಗೂ ಹೇಳಬೇಡ ಎಂದು ಕೈ ಮುಗಿದರು. ಹೇಳಿದರೂ ಯಾರು ಕೇಳುತ್ತಿದ್ದರು? ಅಷ್ಟರಲ್ಲಿ ತಗ್ಗು ಶ್ರುತಿ ಅನ್ನುವ ಮಾತೇ ಹುಟ್ಟಿಬಿಟ್ಟಿತ್ತು, ಅದರ ಹಿಂದೆಯೇ ತಗ್ಗಣ್ಣನೂ ಹುಟ್ಟಿದ್ದರು.

ಇವರ ತಂಡ ಒಂದೆರಡು ಕ್ಯಾಸೆಟ್ ಮಾಡಿತು, ರೇಡಿಯೊದಲ್ಲಿ ಬಂತು, ಸುತ್ತಾಡಿ ನುಡಿಸಿತು, ಆಮೇಲೆ ಎಲ್ಲ ತಂಡಗಳಂತೆ ಒಡೆಯಿತು. ಅಣ್ಣ ಹಾಸಿಗೆ ಅಂಗಡಿ ಇಟ್ಟ. ಇವರು ಅಪ್ಪನ ವರ್ಕ್‌ಶಾಪು ನೋಡಿಕೊಂಡರು. ಆದರೆ ಸಂಜೆ ಯಂತ್ರ ನಿಂತು ಶಟರ್ ಇಳಿದ ಮೇಲೆ ಅಲ್ಲಿ ಇನ್ನೊಂದು ಕೆಲಸ ಶುರುವಾಗುತ್ತಿತ್ತು. ಎಲ್ಲೆಲ್ಲಿಂದಲೋ ಕಲಿಯಲು ಬರುತ್ತಿದ್ದರು. ಎದೆಯೆತ್ತರದ ಸ್ಪೀಕರ್ ಪೆಟ್ಟಿಗೆಯನ್ನು ಎಡಗಡೆ ನಿಲ್ಲಿಸಿ, ಅದಕ್ಕೆ ಹೆಗಲು ತಾಗಿಸಿಕೊಂಡೇ ಇವರು ಪಾಠ ಹೇಳುತ್ತಿದ್ದರು. ಇಲ್ಲಿ ಕಲಿತು ಹೋದವರು ದೊಡ್ಡ ದೊಡ್ಡ ವೇದಿಕೆ ಹತ್ತಿದರು, ಹತ್ತಿದ ಮೇಲೂ ತಗ್ಗಣ್ಣನ ಕೈ ನಮ್ಮ ತಲೆ ಮೇಲಿದೆ ಅಂದರು. ಇವರಿಗೆ ಅದೇ ಊಟ, ಅದೇ ನಿದ್ದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನಾನು ಬೈದದ್ದೂ ಉಂಟು, ಮೊದಮೊದಲು ಅದಕ್ಕೆ ಇವರು ಎದುರುತ್ತರ ಕೊಟ್ಟದ್ದೂ ಉಂಟು.

ಆಮೇಲೆ ಎದುರುತ್ತರ ನಿಂತಿತು. ಅಲ್ಲಿಂದಲೇ ನನಗೆ ಪುಕುಪುಕು. ಏನು ಹೇಳಿದರೂ ಇವರ ಬಾಯಿಂದ ಬರುವುದು ಒಂದೇ ಮಾತು, ಆಯ್ತು ಹಾಗೇ ಮಾಡು. ನೀರಿನ ಪೈಪು ಒಡೆದಿದೆ ಅಂದರೂ ಹಾಗೇ ಮಾಡು, ನನಗೆ ಜ್ವರ ಬಂದಿದೆ ಅಂದರೂ ಹಾಗೇ ಮಾಡು. ದೂರದ ಊರಿನಲ್ಲಿ ಕೆಲಸ ಮಾಡುವ ಮಗಳು ಫೋನ್ ಮಾಡಿದರೆ ಎರಡು ಮಾತು ಕೇಳಿ, ಅಮ್ಮನ ಹತ್ತಿರ ಮಾತಾಡು ಎಂದು ನನ್ನ ಕೈಗೆ ಫೋನ್ ತುರುಕಿ ಎದ್ದುಹೋಗುತ್ತಿದ್ದರು. ಅಪ್ಪನಿಗೆ ನನ್ನ ಮೇಲೆ ಏನಾದರೂ ಸಿಟ್ಟಾ ಎಂದು ಅವಳು ಕೇಳಿದಾಗ, ಅವರಿಗೆ ಕೆಲಸ ಜಾಸ್ತಿ ಎಂದು ಸುಳ್ಳು ಹೇಳಿದೆ. ಮೂವತ್ತು ವರ್ಷ ಕೂಡಿ ಬಾಳಿದ ಮನುಷ್ಯ ಹೀಗೆ ಒಳಗಿನಿಂದ ಚಿಲಕ ಹಾಕಿಕೊಂಡರೆ ಹೆಂಗಸು ಏನೇನು ಯೋಚಿಸಬಹುದೋ ಎಲ್ಲವನ್ನೂ ಯೋಚಿಸಿದೆ.

ಆಗ ವರ್ಕ್‌ಶಾಪಿನಲ್ಲಿ ಅದೊಂದು ಆಯಿತು. ಸುತ್ತಿದ ಶಟರನ್ನು ಸರಪಳಿ ಹಾಕಿ ಮೇಲೆತ್ತುವಾಗ ಕೊಂಡಿ ಜಾರಿತು. ಎಲ್ಲರೂ ಕೂಗಿಕೊಂಡರಂತೆ. ಇವರು ಬೆನ್ನು ಹಾಕಿ ನಿಂತವರು ತಿರುಗಲೇ ಇಲ್ಲ. ವೆಲ್ಡಿಂಗ್ ಮಾಡುವವರು ಓಡಿಬಂದು ಅಂಗಿ ಹಿಡಿದು ಎಳೆದ ಹೊತ್ತಿಗೆ ಇವರು ನಿಂತಿದ್ದ ಜಾಗದಲ್ಲಿ ಶಟರ್ ಬಿದ್ದು ನೆಲದ ಸಿಮೆಂಟು ಎದ್ದುಬಂತು. ಇವರು ನಗುತ್ತಾ, ತಲೆಯಲ್ಲಿ ಯಾವುದೋ ಟ್ಯೂನ್ ಓಡುತ್ತಿತ್ತು ಅಂದರಂತೆ. ವೆಲ್ಡಿಂಗಿನವರು ಮನೆಗೆ ಬಂದು ಇದನ್ನೆಲ್ಲ ಹೇಳಿದರು. ಮಾರನೆಯ ದಿನ ಅಕ್ಷರಶಃ ಕಿವಿ ಹಿಡಿದು ಇವರನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಅಲ್ಲಿ ಗಾಜಿನ ಕಿಟಕಿ ಇರುವ ಒಂದು ಸಣ್ಣ ಕೋಣೆ. ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟು ಒಳಗೆ ಕೂರಿಸುತ್ತಾರೆ. ಸಣ್ಣದಾಗಿ ಕುಯ್ ಅಂದಾಗ ಗುಂಡಿ ಒತ್ತಬೇಕು. ಹೊರಗಿನಿಂದ ನೋಡುತ್ತಿದ್ದೆ. ಇವರು ಗಿಟಾರ್ ನುಡಿಸುವಾಗ ಮಾಡುವ ಹಾಗೆಯೇ ಕಣ್ಣು ಮುಚ್ಚಿ, ಅಚ್ಚುಕಟ್ಟಾಗಿ ಒತ್ತುತ್ತಾ ಹೋದರು. ವಯಸ್ಸಿಗೆ ತಕ್ಕಂತೆ ಕಿವಿ ಚೆನ್ನಾಗಿಯೇ ಇದೆ ಎಂದು ಡಾಕ್ಟರು ಬೆನ್ನು ತಟ್ಟಿದರು. ಮೆಟ್ಟಿಲ ಮೇಲೆ ನಾನು ಅತ್ತದ್ದು ಆಗಲೇ.

ಅದಾದ ಮೇಲಿನ ತಿಂಗಳುಗಳು ನನ್ನ ಶತ್ರುವಿಗೂ ಬೇಡ. ಕಿವಿ ಇದ್ದೂ ಇವರು ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳುತ್ತಿಲ್ಲ ಅನ್ನುವುದೊಂದೇ ತಲೆಯಲ್ಲಿ. ಮಷೀನಿನ ಮುಂದೆ ಕೂತರೆ ಹೊಲಿಗೆ ಸೊಟ್ಟ ಹೋಗುತ್ತಿತ್ತು. ಒಂದು ಮಧ್ಯಾಹ್ನ ಇವರು ಅಡುಗೆಮನೆಯಲ್ಲಿ ಆ ಕಡೆ ತಿರುಗಿ ನೀರು ಕುಡಿಯುತ್ತಿದ್ದರು. ನಾನು ಹಿಂದೆ ನಿಂತು, ಬೇಕೆಂದೇ ದನಿ ಎತ್ತದೆ ಹೇಳಿದೆ.

"ರೀ, ನನಗೆ ಸಾಕಾಗಿದೆ. ನಾನು ಈ ಮನೆ ಬಿಟ್ಟು ಹೋಗ್ತಾ ಇದ್ದೀನಿ."

ಲೋಟ ಕೆಳಗಿಟ್ಟು, ನನ್ನ ನೆರಳು ಕಂಡು ತಿರುಗಿದರು. ಮುಖದ ತುಂಬ ನಗು.

"ಆಯ್ತು, ಹಾಗೇ ಮಾಡು," ಅಂದರು.

ಕೈಗೆ ಸಿಕ್ಕ ನಾಲ್ಕು ಬಟ್ಟೆ ಚೀಲಕ್ಕೆ ತುರುಕಿಕೊಂಡು ಅಣ್ಣನ ಮನೆಗೆ ಹೋಗಿಬಿಟ್ಟೆ. ಅತ್ತಿಗೆ ಏನೂ ಕೇಳದೆ ತಟ್ಟೆ ಹಾಕಿದಳು. ಸಂಜೆ ಹೊತ್ತಿಗೆ ಇವರು ಬಂದರು, ಕಾಲಿಗೆ ಎರಡು ಬೇರೆ ಬೇರೆ ಚಪ್ಪಲಿ, ಮುಖ ಬಿಳಿಚಿಕೊಂಡಿತ್ತು. ಹೇಳದೆ ಕೇಳದೆ ಹೀಗೆ ಬಂದುಬಿಟ್ಟರೆ ನಾನು ಎಲ್ಲಿ ಅಂತ ಹುಡುಕಲಿ ಎಂದು ಬಾಗಿಲಲ್ಲೇ ಶುರುಮಾಡಿದರು. ಹೇಳಿದ್ದು ನಾನು, ಕೇಳದ್ದು ನೀವು, ಹಾಗೇ ಮಾಡು ಅಂದವರೂ ನೀವೇ ಅಂದೆ. ಇವರ ಬಾಯಿ ಅರ್ಧ ತೆರೆದು ಹಾಗೇ ನಿಂತಿತು. ಜಾಣ ಕಿವುಡನ ಮುಖ ಹಾಗಿರುವುದಿಲ್ಲ. ಅಣ್ಣ ನನ್ನನ್ನು ಒಳಗೆ ಕರೆದು, ಭಾವನನ್ನು ಇನ್ನೊಂದು ಸಲ ಪರೀಕ್ಷೆಗೆ ಕರೆದುಕೊಂಡು ಹೋಗು ಅಂದ.

ಈ ಸಲ ಪರೀಕ್ಷೆ ಮಾಡಿದ್ದು ಬೇರೊಬ್ಬ ಹೆಂಗಸು. ಇವರನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದರು. ನಾನು ಗಾಜಿನಿಂದ ನೋಡುತ್ತಲೇ ಇದ್ದೆ. ಇವರು ಮೊದಲಿನ ಹಾಗೆಯೇ ಅಚ್ಚುಕಟ್ಟಾಗಿ ಗುಂಡಿ ಒತ್ತತೊಡಗಿದರು. ಆ ಹೆಂಗಸು ಯಂತ್ರದಿಂದ ಕೈ ತೆಗೆದು ಸುಮ್ಮನೆ ಕೂತರು. ಇವರು ಒತ್ತುತ್ತಲೇ ಇದ್ದರು. ಆಕೆ ಎದ್ದು ಒಳಗೆ ಹೋಗಿ ಇವರ ಹೆಗಲು ಮುಟ್ಟಿದರು.

"ಸರ್, ಆಗಿನಿಂದ ನಾನು ಶಬ್ದಾನೇ ಹಾಕಿಲ್ಲ," ಅಂದರು.

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂರಿಸಿ ಬಾಯಿ ಬಿಡಿಸಿದೆ. ಮೊದಲ ಸಲ ಪರೀಕ್ಷೆ ಮಾಡಿದವರ ಕೈ ಗಡಿಯಾರದ ಹಾಗೆ ನಡೆಯುತ್ತಿತ್ತಂತೆ. ಶುರುವಿನ ಎರಡು ದೊಡ್ಡ ಶಬ್ದ ಕೇಳಿಸಿದ್ದೇ ತಡ, ಇವರು ತಾಳ ಹಿಡಿದುಬಿಟ್ಟರು. ಆಮೇಲಿನದೆಲ್ಲ ಲೆಕ್ಕ. ಅನುಮಾನ ಬರಬಾರದೆಂದು ನಡುನಡುವೆ ಒಂದೆರಡು ಬಿಟ್ಟೂ ಬಿಟ್ಟರಂತೆ. ಡಾಕ್ಟರಿಗೂ ನನಗೂ ಒಟ್ಟಿಗೇ ಕಿವಿಗೆ ಹೂವಿಟ್ಟ ಮಹಾನುಭಾವ. ಸಿಟ್ಟು ಬಂತು. ಅದರ ಜೊತೆಗೇ ಎದೆಯ ಮೇಲಿನ ಒಂದು ಕಲ್ಲು ಇಳಿದಿತ್ತು, ಸುಳ್ಳು ಯಾಕೆ ಹೇಳಲಿ. ಇವರು ನನ್ನ ಮಾತನ್ನು ತಳ್ಳಿಹಾಕಿರಲಿಲ್ಲ. ನನ್ನ ಮಾತು ಇವರನ್ನು ಮುಟ್ಟಿಯೇ ಇರಲಿಲ್ಲ.

ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ನನ್ನ ತುಟಿಯನ್ನೇ ನೋಡುತ್ತಾ ಹೇಳಿದರು.

"ಕಿವುಡ ಅಂತ ಗೊತ್ತಾದ್ರೆ ಯಾರೂ ಬರಲ್ಲ. ಆಮೇಲೆ ನಾನು ಬರೀ ಶಟರ್ ಮಾಡೋನು."

ಎಡಗಿವಿ ಹೋಗಿಯೇ ಹೋಗಿದೆ ಎಂದರು ಡಾಕ್ಟರು. ಬಲಗಿವಿಯಲ್ಲಿ ಒಂದಿಷ್ಟು ಉಳಿದಿದೆ, ಅಷ್ಟು ಉಳಿದಿದ್ದರೆ ಕಿವಿಯ ಯಂತ್ರ ಹಾಕಿಕೊಂಡು ಮನೆಯವರ ಮಾತು, ಮಗಳ ಫೋನು ಕೇಳಿಸಿಕೊಳ್ಳಬಹುದು. ಅದೂ ಹೋದರೆ ಯಂತ್ರದಿಂದಲೂ ಪ್ರಯೋಜನ ಇಲ್ಲ. ಇನ್ನು ಮೇಲೆ ದೊಡ್ಡ ಸದ್ದಿನ ಹತ್ತಿರ ಸುಳಿಯಕೂಡದು ಎಂದು ಖಡಾಖಂಡಿತವಾಗಿ ಹೇಳಿದರು. ಇವರು ತಲೆಯಾಡಿಸಿದರು, ಮನೆಯೊಳಗೆ ಬಲಗಿವಿಗೆ ಯಂತ್ರ ಹಾಕಿಕೊಳ್ಳತೊಡಗಿದರು. ವರ್ಕ್‌ಶಾಪಿನ ಯಂತ್ರಗಳನ್ನು ವೆಲ್ಡಿಂಗಿನವರಿಗೆ ಒಪ್ಪಿಸಿದರು, ಸ್ಪೀಕರ್ ಪೆಟ್ಟಿಗೆಯನ್ನು ನಾನೇ ಅಣ್ಣನ ಅಂಗಡಿಗೆ ಸಾಗಹಾಕಿದೆ. ಪಾಠ ನಿಂತಿತು. ತಗ್ಗಣ್ಣನಿಗೆ ಬೆನ್ನುನೋವು ಎಂದು ಎಲ್ಲರಿಗೂ ಹೇಳಿದೆವು.

ಅಲ್ಲಿಂದ ನನ್ನ ಬದುಕೇ ಆ ಬಲಗಿವಿಯ ಕಾವಲು ಕಾಯುವುದಾಯಿತು. ಬೀದಿಯಲ್ಲಿ ಲಾರಿ ಹಾರ್ನ್ ಹೊಡೆದರೆ ಓಡಿಹೋಗಿ ಕಿಟಕಿ ಮುಚ್ಚುತ್ತಿದ್ದೆ. ಕುಕ್ಕರ್ ಕೂಗುವ ಮೊದಲೇ ಒಲೆ ಆರಿಸುತ್ತಿದ್ದೆ. ಬೆಳಗಾದರೆ ಹೊಲಿಗೆಯ ಕೋಣೆಯ ಬಾಗಿಲಿನಿಂದ ಒಂದು ಸಲ ರೀ ಎಂದು ಕರೆಯುವುದು, ಇವರು ತಿರುಗುವವರೆಗೆ ಅಲ್ಲೇ ನಿಲ್ಲುವುದು. ಇವರು ತಿರುಗುತ್ತಿದ್ದರು. ಕೇಳಿಸ್ತಿದೆ ಮಾರಾಯ್ತಿ, ಪರೀಕ್ಷೆ ಸಾಕು ಎಂದು ನಗುತ್ತಿದ್ದರು. ಮಗಳು ರಜೆಗೆ ಬಂದಾಗ ಎದುರಾಬದುರು ಕೂತು ಅವಳ ಮಾತಿಗೆ ಸರಿಯಾಗಿ ಉತ್ತರ ಕೊಟ್ಟರು. ಅವಳು ಅಪ್ಪನ ಕುತ್ತಿಗೆಗೆ ಜೋತುಬಿದ್ದು ಅತ್ತಳು. ಇದ್ದದ್ದು ಉಳಿದಿದೆಯಲ್ಲ ಎಂದು ನಾನೂ ಸಮಾಧಾನ ತಂದುಕೊಂಡೆ. ಆದರೂ ರಾತ್ರಿ ಮಲಗಿದರೆ, ಈ ಮನುಷ್ಯ ಒಂದು ಸಲ ತಾಳ ಹಿಡಿದು ಮೋಸ ಮಾಡಿದವರು ಅನ್ನುವುದು ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಹೀಗಿರುವಾಗ ಇವರ ಹತ್ತಿರ ಕಲಿತವರೆಲ್ಲ ಸೇರಿ ಒಂದು ಕಾರ್ಯಕ್ರಮ ಗೊತ್ತುಮಾಡಿದರು. ಆಟದ ಮೈದಾನದಲ್ಲಿ ವೇದಿಕೆ, ಬೇರೆ ಬೇರೆ ತಲೆಮಾರಿನ ತಂಡಗಳು, ಕೊನೆಗೆ ತಗ್ಗಣ್ಣನ ಹಳೆಯ ತಂಡ. ಹೇಳಲು ಬಂದವರು ಇವರ ಕಾಲಿಗೆ ಬಿದ್ದರು. ಅವರು ಹೋದ ಮೇಲೆ ನಾನು ಇವರ ಮೇಲೆ ಬಿದ್ದೆ. ಹೋಗಕೂಡದು ಅಂದೆ, ಅತ್ತು ಕರೆದೆ, ಮಗಳ ಮೇಲೆ ಆಣೆ ಹಾಕಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಇವರು ಜಗಳವಾಡಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. ನನ್ನ ಎರಡೂ ಕೈ ಹಿಡಿದುಕೊಂಡು, ಕೇಳಿಸುವಾಗಲೇ ಒಂದು ಸಲ ನುಡಿಸಿ ನಿಲ್ಲಿಸ್ತೀನಿ, ಆಮೇಲೆ ನೀನು ಹೇಳಿದ ಹಾಗೆ ಎಂದರು.

ಕೊನೆಗೆ ಅಣ್ಣ ನಡುವೆ ಬಂದು ಒಪ್ಪಂದ ಮಾಡಿಸಿದ. ನಾಲ್ಕೇ ಹಾಡು. ಕಿವಿಗೆ ಸದ್ದು ತಡೆಯುವ ಬೆಂಡು. ವೇದಿಕೆಯ ಮೇಲೆ ಇವರಿಗಾಗಿ ಯಾವ ದೊಡ್ಡ ಸ್ಪೀಕರೂ ಬೇಡ. ತನ್ನ ಗಿಟಾರು ತನಗೆ ಕೇಳಲಿಕ್ಕೆಂದು ಕಾಲ ಬುಡದಲ್ಲಿ ಒಂದೇ ಒಂದು ಪೆಟ್ಟಿಗೆ, ಅದೂ ಸಣ್ಣದಾಗಿ. ಜನರಿಗೆ ಕೇಳುವ ಸದ್ದು ಬೇರೆ ದಾರಿಯಲ್ಲಿ ಮೈದಾನಕ್ಕೆ ಹೋಗುತ್ತದೆ. ಪ್ರತಿ ಹಾಡಿನ ನಡುವೆ ಇವರು ಪಕ್ಕದಲ್ಲಿ ನಿಂತ ನನ್ನ ಕಡೆ ನೋಡಬೇಕು. ಗಿಟಾರ್ ಕೇಳಿಸುತ್ತಿದ್ದರೆ ಹೆಬ್ಬೆರಳು ಎತ್ತಬೇಕು, ಕೇಳಿಸದಿದ್ದರೆ ಮುಷ್ಟಿ ತೋರಿಸಬೇಕು. ಮುಷ್ಟಿ ಕಂಡ ಕೂಡಲೇ ಅಣ್ಣ ಡ್ರಮ್ಸ್ ನಿಲ್ಲಿಸಿ ಕಾರ್ಯಕ್ರಮ ಮುಗಿಸುವುದು. ಆಯ್ತು, ಹಾಗೇ ಮಾಡೋಣ ಅಂದರು ಇವರು. ಮತ್ತೆ ಆ ಹಳೆಯ ಮಾತೇ.

ನನಗೆ ಧೈರ್ಯ ಸಾಲಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ನನ್ನದೇ ಒಂದು ಉಪಾಯ ಮಾಡಿದೆ. ಮೈದಾನದಲ್ಲಿ ಸಂಜೆ ದೀಪ ಹತ್ತುವ ಹೊತ್ತಿಗೆ, ವೇದಿಕೆಯ ಪಕ್ಕ ಗುಂಡಿಗಳ ಮೇಜಿನ ಹಿಂದೆ ಕೂತಿದ್ದ ಸೌಂಡಿನವರ ಹತ್ತಿರ ಹೋದೆ. ಮೊದಲ ಹಾಡು ಮುಗಿದ ಮೇಲೆ ಇವರ ಕಾಲ ಬುಡದ ಪೆಟ್ಟಿಗೆಯನ್ನು ಪೂರ್ತಿ ಬಂದ್ ಮಾಡಿಬಿಡಿ ಎಂದು ಕೇಳಿಕೊಂಡೆ. ಕೇಳುತ್ತಿದ್ದ ಗಿಟಾರು ನಿಂತರೆ ಇವರು ಮುಷ್ಟಿ ತೋರಿಸುತ್ತಾರೆ, ಅಣ್ಣ ಮುಗಿಸುತ್ತಾನೆ, ಬಲಗಿವಿ ಉಳಿಯುತ್ತದೆ. ವೈರು ಕೈಕೊಟ್ಟಿತು ಅಂದರಾಯಿತು. ತಗ್ಗಣ್ಣನಿಗೆ ಹಾಗೆ ಮಾಡಬಹುದಾ ಅಮ್ಮ ಎಂದು ಅವರು ಹಿಂಜರಿದರು. ನಾನು ಕಿವಿಯ ವಿಷಯ ಹೇಳಬೇಕಾಯಿತು. ಹೊರಗಿನವರೊಬ್ಬರಿಗೆ ಅದನ್ನು ಹೇಳಿದ್ದು ಅದೇ ಮೊದಲು.

ಇವರು ವೇದಿಕೆ ಹತ್ತಿದಾಗ ಎದ್ದ ಕೂಗಿಗೆ ನನಗೇ ಕಿವಿ ಮುಚ್ಚಿಕೊಳ್ಳುವ ಹಾಗಾಯಿತು. ಇವರು ಪ್ಯಾಂಟಿಗೆ ಅಂಗೈ ಒರೆಸಿಕೊಂಡರು, ದೊಡ್ಡ ಡ್ರಮ್ಮು ತುಳಿಯುವ ಅಣ್ಣನ ಕಾಲಿನ ಕಡೆ ನೋಡಿದರು, ಶುರುವಾಯಿತು. ಮೊದಲ ಹಾಡು ಹೇಗೆ ಮುಗಿಯಿತೋ ನನಗೆ ನೆನಪಿಲ್ಲ. ಮುಗಿದಾಗ ಇವರು ನನ್ನ ಕಡೆ ನೋಡಿ ಹೆಬ್ಬೆರಳು ಎತ್ತಿದರು. ನಾನು ಸೌಂಡಿನವರ ಕಡೆ ನೋಡಿದೆ. ಅವರು ಒಂದು ಗುಂಡಿಯನ್ನು ಸರ್ರನೆ ಕೆಳಗೆಳೆದರು, ಪೂರ್ತಿ ಕೆಳಗೆ.

ಎರಡನೆಯದು ನಿಧಾನದ ಹಾಡು, ಇವರ ಆ ಅಳುವ ಎಳೆತ ಇರುವುದು. ಮುಷ್ಟಿ ಈಗ ಬರುತ್ತದೆ, ಈಗ ಬರುತ್ತದೆ ಎಂದು ಪರದೆಯ ಬಟ್ಟೆ ಹಿಡಿದುಕೊಂಡು ನಿಂತೆ. ಇವರ ಕಣ್ಣು ಅಣ್ಣನ ಕಾಲಿನ ಮೇಲೆಯೇ ಇತ್ತು. ಬೆರಳು ತಂತಿಯನ್ನು ಎಳೆಯಿತು, ಬಿಟ್ಟಿತು, ಮತ್ತೆ ಎಳೆಯಿತು. ಹಾಡು ನಡುವಿಗೆ ಬಂದಾಗ ನಾನು ಕೈಸನ್ನೆ ಮಾಡಿ, ಹೇಗಿದೆ ಎಂದು ಕೇಳಿದೆ.

ಇವರು ನನ್ನ ಕಡೆ ತಿರುಗಿ ನಕ್ಕು, ಹೆಬ್ಬೆರಳು ಎತ್ತಿದರು.

ಸೌಂಡಿನವರು ನನ್ನ ಮುಖ ನೋಡಿದರು. ಬಂದ್ ಮಾಡಿದ್ದೀರಲ್ಲ ಎಂದು ಕೇಳಿದೆ. ಅವರು ಗುಂಡಿಯ ಮೇಲೆ ಬೆರಳಿಟ್ಟು ತೋರಿಸಿದರು. ಕಾಲ ಬುಡದ ಪೆಟ್ಟಿಗೆ ಸತ್ತುಬಿದ್ದಿತ್ತು. ಇವರಿಗೆ ಗೊತ್ತೇ ಆಗಿರಲಿಲ್ಲ. ಬಲಗಿವಿಯ ಕತೆ ಇವತ್ತಲ್ಲ, ನಿನ್ನೆಯೂ ಅಲ್ಲ, ಯಾವಾಗಲೋ ಮುಗಿದುಹೋಗಿತ್ತು. ಬೆಳಗಿನ ನನ್ನ ಕರೆಗೆ ಇವರು ತಿರುಗುತ್ತಿದ್ದುದು ಬಾಗಿಲಲ್ಲಿ ಆಡಿದ ನೆರಳಿಗೆ, ಮಗಳಿಗೆ ಉತ್ತರ ಕೊಟ್ಟದ್ದು ಅವಳ ತುಟಿ ನೋಡಿ. ಕೇಳಿಸಿದರೂ ಕೇಳಿಸದಂತಿರುವುದಕ್ಕೆ ಒಂದು ಹೆಸರಿದೆ. ಕೇಳಿಸದೆಯೂ ಕೇಳಿಸುತ್ತಿದೆ ಎಂದು ಹೆಂಡತಿಯ ಕಡೆ ನಕ್ಕು ಕೈ ಎತ್ತುವುದಕ್ಕೆ ಏನನ್ನಬೇಕೋ ನನಗೆ ಗೊತ್ತಿಲ್ಲ. ನಾನು ಇಷ್ಟು ದಿನ ಖಾಲಿ ಮನೆಗೆ ಕಾವಲು ನಿಂತಿದ್ದೆ.

ಅಳಲು ಹೊತ್ತಿರಲಿಲ್ಲ. ಅಣ್ಣ ಡ್ರಮ್ಸ್ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದ, ನಾನು ಮುಷ್ಟಿ ತೋರಿಸಿದ್ದರೂ ಅವನು ನಿಲ್ಲಿಸುತ್ತಿದ್ದ. ನಾನು ಸೌಂಡಿನವರ ಹೆಗಲು ಹಿಡಿದು ಅಲ್ಲಾಡಿಸಿದೆ.

"ಆ ಪೆಟ್ಟಿಗೆ ಸದ್ದು ಏರಿಸಿ," ಅಂದೆ. "ಪೂರ್ತಿ ಏರಿಸಿ. ಎಷ್ಟು ಆಗತ್ತೋ ಅಷ್ಟು."

ಅವರು ಗುಂಡಿಯನ್ನು ಮೇಲಕ್ಕೆ ತಳ್ಳುತ್ತಾ ಹೋದರು. ವೇದಿಕೆಯ ಹಲಗೆ ನಡುಗಿದ್ದು ನನ್ನ ಅಂಗಾಲಿಗೂ ಗೊತ್ತಾಯಿತು. ಇವರು ಬೆಚ್ಚಿಬಿದ್ದವರ ಹಾಗೆ ಕಾಲ ಬುಡದ ಪೆಟ್ಟಿಗೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನನಗೆ ಗೊತ್ತಾಯಿತು ಅನ್ನುವುದು ಇವರಿಗೆ ಗೊತ್ತಾಯಿತು. ಈ ಸಲ ಹೆಬ್ಬೆರಳು ಎತ್ತಲಿಲ್ಲ. ಚಪ್ಪಲಿ ಕಳಚಿ ಪಕ್ಕಕ್ಕೆ ತಳ್ಳಿ, ಬರಿಗಾಲಿನಲ್ಲಿ ಪೆಟ್ಟಿಗೆಗೆ ಇನ್ನಷ್ಟು ಹತ್ತಿರ ಬಂದು ನಿಂತರು.

ಒಪ್ಪಂದ ಇದ್ದದ್ದು ನಾಲ್ಕು ಹಾಡಿಗೆ. ಐದನೆಯದೂ ಶುರುವಾಯಿತು, ಆರನೆಯದೂ ಶುರುವಾಯಿತು. ಅಣ್ಣ ಪ್ರತಿ ಸಲವೂ ನನ್ನ ಕಡೆ ನೋಡಿದ. ನಾನು ನಿಲ್ಲಿಸು ಅನ್ನಲಿಲ್ಲ.